ಚಿಟಿಕೆಯಿಲ್ಲದ ಐವತ್ತೆರಡು ನಿಮಿಷ

ಆ ಕಿತ್ತಳೆ ಚುಕ್ಕೆ ಮತ್ತೆ ಬಂದಿದೆ, ಪರದೆಯ ಬಲ ಮೂಲೆಯಲ್ಲಿ, ಸಾಸಿವೆ ಕಾಳಿನಷ್ಟು, ಬೆಳಿಗ್ಗೆ ಒರೆಸಿದ ಗಾಜಿನ ಮೇಲೆ ಯಾರೋ ಬೆರಳಿಟ್ಟು ಹೋದ ಹಾಗೆ, ಒತ್ತಿದರೆ ಪಟ್ಟಿ ಬಿಚ್ಚಿಕೊಳ್ಳುತ್ತದೆ, ಎಡಿಟಿಂಗ್ ಸಾಫ್ಟ್‌ವೇರಿನ ಹೊಸ ವರ್ಷನ್ ಸಿದ್ಧವಾಗಿದೆ, ಏನೇನು ಬದಲಾಗಲಿದೆ ಎಂದು ಓದಿ — ಓದಿದ್ದೇನೆ, ಏಳು ಸಲ, ಮೂವತ್ತೊಂದು ಅಂಶ, ಸ್ಥಿರತೆಯಲ್ಲಿ ಹಲವು ಸುಧಾರಣೆಗಳು ಅಂತೆ, ಹಲವು ಎಂದರೆ ಎಷ್ಟು, ಯಾವುವು, ಅಪ್ಪ ಇದ್ದಿದ್ದರೆ ಆ ಸಾಲಿನ ಕೆಳಗೆ ಕೆಂಪು ಗೆರೆ ಎಳೆದು ಪಕ್ಕದಲ್ಲಿ ಪ್ರಶ್ನೆ ಚಿಹ್ನೆ ಹಾಕುತ್ತಿದ್ದ, ಪತ್ರಿಕೆಯಲ್ಲಿ ಮೂವತ್ತು ವರ್ಷ ಕರಡು ತಿದ್ದಿದವನು, ಹಲವು, ಕೆಲವು, ಅನೇಕ ಎಂಬ ಮಾತು ಕಂಡರೆ ಅವನಿಗೆ ಮೈಯೆಲ್ಲ ತುರಿಕೆ. ಹದಿನಾಲ್ಕನೇ ಅಂಶ, ಉಸಿರಾಟದ ಸದ್ದನ್ನು ತಾನೇ ಗುರುತಿಸಿ ತಗ್ಗಿಸುತ್ತದೆ. ಹತ್ತೊಂಬತ್ತನೇದು, ಓದಿದ್ದನ್ನು ಪುಸ್ತಕದ ಪಠ್ಯದ ಜೊತೆ ಹೋಲಿಸಿ ತಪ್ಪನ್ನು ತಾನೇ ಹುಡುಕುತ್ತದೆ, ಗುರುತು ಹಾಕುವ ಅಗತ್ಯವಿಲ್ಲ. ಇಪ್ಪತ್ತೆರಡನೇದು, ಬಿಟ್ಟುಹೋದ ಪದವನ್ನು ಟೈಪ್ ಮಾಡಿದರೆ ಓದಿದವರ ದನಿಯಲ್ಲೇ ತುಂಬಿಕೊಡುತ್ತದೆ, ಇದನ್ನು ಎಲ್ಲಿಟ್ಟಿದ್ದಾರೆ ನೋಡು, ಕಿಟಕಿಯ ಬಣ್ಣ ಬದಲಿಸುವ ಸೌಕರ್ಯಕ್ಕೂ ಕೀಲಿಮಣೆಯ ಹೊಸ ಅಡ್ಡದಾರಿಗೂ ನಡುವೆ, ಒಂದೇ ಸಾಲಿನಲ್ಲಿ, ಜನಜಂಗುಳಿಯಲ್ಲಿ ಜೇಬುಗಳ್ಳ ನಿಂತ ಹಾಗೆ, ಯಾರಿಗೂ ಮುಖ ತೋರಿಸದೆ.

ನಾಳೆ ಬೆಳಿಗ್ಗೆ ಮೂರೂ ಮಷೀನಿಗೆ ಹಾಕ್ತೀನಿ ಅಂದರು ಯಜಮಾನರು, ಕಾರಿನ ಕೀಲಿಯಿಂದ ಬಾಗಿಲು ಕುಟ್ಟುತ್ತ, ಸೌಂಡ್ ಸ್ಟುಡಿಯೋದ ಮಾಲೀಕರಿಗೆ ಬಾಗಿಲು ಕುಟ್ಟಬಾರದು ಅನ್ನುವುದು ಹದಿನೆಂಟು ವರ್ಷದಲ್ಲಿ ಹೊಳೆದಿಲ್ಲ, ಮೂರು ವಾರದಿಂದ ನೀವೇ ತಡೀತಿದ್ದೀರಿ, ಇನ್ನು ಆಗಲ್ಲ. ಹೌದು, ನಾನೇ ತಡೆದೆ, ಕಾರಣ ಬರೆದುಕೊಟ್ಟೇ ತಡೆದೆ, ಹಳೆಯ ಫೈಲನ್ನು ಹೊಸದರಲ್ಲಿ ಒಮ್ಮೆ ತೆರೆದು ಉಳಿಸಿದರೆ ಮತ್ತೆ ಹಳೆಯದರಲ್ಲಿ ತೆರೆಯುವುದಿಲ್ಲ, ಬಳಸದ ತುಣುಕುಗಳನ್ನು ಜಾಗ ಉಳಿಸಲು ಅದೇ ತೆಗೆದುಹಾಕುತ್ತದೆ, ಇಪ್ಪತ್ತೇಳನೇ ಅಂಶ, ನಾನು ಊಹಿಸಿದ್ದಲ್ಲ, ಅವರೇ ಬರೆದದ್ದು. ನೀವು ಮದುವೆನೂ ಹಿಂಗೇ ಆರು ವರ್ಷ ಮುಂದೂಡಿದ್ರಂತೆ, ನಿಮ್ಮಕ್ಕ ಹೇಳ್ತಿದ್ರು ಅಂದು ನಕ್ಕರು — ಅಕ್ಕ ಇವರಿಗೆ ಯಾವಾಗ ಹೇಳಿದಳು, ಅಕ್ಕ ಬರುವುದು ವಾರಕ್ಕೆ ಎರಡು ದಿನ, ಬೂತ್‌ನಲ್ಲಿ ಕೂತು ಓದುತ್ತಾಳೆ, ಓದಿ ಎದ್ದು ಹೋಗುತ್ತಾಳೆ, ಇವರಿಬ್ಬರಿಗೆ ಮಾತಾಡಲು ಪುರುಸೊತ್ತು ಸಿಕ್ಕಿದ್ದು ಎಲ್ಲಿ, ನಾನಿಲ್ಲದ ಯಾವ ಹೊತ್ತಿನಲ್ಲಿ.

ಅಕ್ಕ ಓದುತ್ತಾಳೆ, ನಾನು ತಿದ್ದುತ್ತೇನೆ. ಕಣ್ಣು ಕಾಣದವರ ಗ್ರಂಥಾಲಯಕ್ಕೆ ಇದು ನಲವತ್ತಮೂರನೇ ಪುಸ್ತಕ, ಸೇತುವೆ ಕಟ್ಟಿದವರ ಚರಿತ್ರೆ, ಹತ್ತೊಂಬತ್ತು ಅಧ್ಯಾಯ, ಪ್ರತಿ ಅಧ್ಯಾಯದ ಹಾಳೆಯ ಕೆಳಗೆ ನನ್ನ ಸಹಿ, ಪೂರ್ತಿ ಕೇಳಿದ್ದೇನೆ, ಪ್ರತಿ ಪದವೂ ಓದಿದವರ ಬಾಯಿಂದ ಬಂದದ್ದು. ಓದುವಾಗ ತಪ್ಪಿದರೆ ಅವಳು ಚಿಟಿಕೆ ಹೊಡೆಯುತ್ತಾಳೆ, ಬಲಗೈ, ಮೈಕಿನ ಹತ್ತಿರ, ಹೊಡೆದು ಆ ವಾಕ್ಯವನ್ನು ಮೊದಲಿನಿಂದ ಓದುತ್ತಾಳೆ, ಪರದೆಯ ಮೇಲೆ ಮಾತಿನ ಗೆರೆ ಗುಡ್ಡ ಗುಡ್ಡವಾಗಿ ಹೋಗುತ್ತಿರುವಾಗ ಚಿಟಿಕೆ ಬಿದ್ದ ಕಡೆ ಮೊಳೆ ನೆಟ್ಟ ಹಾಗೆ ಒಂದು ಗೀಟು ಏಳುತ್ತದೆ, ನಾನು ಕೇಳುವುದೇ ಬೇಡ, ಕಣ್ಣಲ್ಲಿ ಮೊಳೆ ಹುಡುಕುತ್ತ ಹೋಗಿ ಅದರ ಹಿಂದಿನ ತಪ್ಪನ್ನು ಕತ್ತರಿಸಿದರೆ ಆಯಿತು. ಇದನ್ನು ಯಾವ ಸ್ಟುಡಿಯೋದಲ್ಲೂ ಅವಳು ಕಲಿತದ್ದಲ್ಲ, ಅಪ್ಪ ಮನೆಗೆ ಕರಡು ತರುತ್ತಿದ್ದ, ಗಟ್ಟಿಯಾಗಿ ಓದುತ್ತಿದ್ದ, ಅಕ್ಕ ಮೂಲ ಪ್ರತಿ ಹಿಡಿದು ಎದುರು ಕೂತು, ಒಂದು ಅಕ್ಷರ ಆಚೀಚೆ ಆದರೆ ಚಿಟಿಕೆ, ಅಪ್ಪನ ಪೆನ್ಸಿಲು ನಿಂತುಬಿಡುತ್ತಿತ್ತು, ನಾನು ಮೇಜಿನ ಕೆಳಗೆ, ಅವರಿಬ್ಬರ ಕಾಲುಗಳ ನಡುವೆ, ತಪ್ಪು ಬರುವ ಮೊದಲೇ ಬರುತ್ತದೆ ಅಂತ ಗೊತ್ತಾಗುತ್ತಿತ್ತು ನನಗೆ, ಅಪ್ಪನ ದನಿ ಒಂದು ಕೂದಲಿನಷ್ಟು ಅನುಮಾನಿಸುತ್ತಿತ್ತು, ಕಣ್ಣಿಗೆ ತಪ್ಪು ಕಾಣಲ್ಲ ಮಗ, ಕಿವಿಗೆ ಕಾಣುತ್ತೆ, ಅನ್ನುತ್ತಿದ್ದ. ಅದಕ್ಕೇ ಇಲ್ಲಿ ನನಗೆ ಮೊಸರಲ್ಲಿ ಕಲ್ಲು ಹುಡುಕೋರು ಅಂತ ಹೆಸರು, ಇರಲಿ, ಕಲ್ಲು ಇದ್ದದ್ದಕ್ಕೇ ಸಿಕ್ಕಿದ್ದು.

ಲೆಕ್ಕ ಇಟ್ಟಿದ್ದೇನೆ, ಒಂದನೇ ಅಧ್ಯಾಯಕ್ಕೆ ಒಂಬತ್ತು ಚಿಟಿಕೆ, ಎರಡಕ್ಕೆ ಹನ್ನೊಂದು, ಮೂರಕ್ಕೆ ಏಳು, ಹೀಗೆ ಒಂಬತ್ತರವರೆಗೆ, ಹತ್ತಕ್ಕೆ ಮೂರೇ ಮೂರು, ಆಗಲೇ ಗಮನಿಸಬೇಕಿತ್ತು, ಹನ್ನೊಂದನೇದನ್ನು ಎರಡನೇ ಕೋಣೆಯಲ್ಲಿ ನನ್ನ ಹಾಗೇ ಎಡಿಟಿಂಗ್ ಮಾಡುವಾಕೆ ತಾನೇ ಕೇಳಿ ತೆಗೆದುಕೊಂಡಳು, ನಿಮಗೆ ಕೆಲಸ ಜಾಸ್ತಿ ಸರ್, ರೆಕಾರ್ಡಿಂಗೂ ಎಡಿಟಿಂಗೂ ನಾನೇ ಮಾಡ್ತೀನಿ, ನೀವು ಕೊನೇಲಿ ಕೇಳಿ ಸಹಿ ಹಾಕಿ ಸಾಕು, ಹತ್ತು ವರ್ಷದಲ್ಲಿ ಒಂದು ದಿನವೂ ನನ್ನ ಕೆಲಸ ಜಾಸ್ತಿ ಅನಿಸದವಳಿಗೆ ಆವತ್ತು ಅನಿಸಿತು. ಅವಳ ಮಷೀನಿನಲ್ಲಿ ಹೊಸ ವರ್ಷನ್ನಿನ ಪರೀಕ್ಷಾ ಪ್ರತಿ ಇದೆ, ಯಜಮಾನರೇ ಹಾಕಿಸಿದ್ದು, ನೋಡೋಣ ಅಂತ. ಅಲ್ಲಿಂದ ಬಂತು ಹನ್ನೊಂದನೇ ಅಧ್ಯಾಯ, ಐವತ್ತೆರಡು ನಿಮಿಷ, ತೊಳೆದಿಟ್ಟ ಗಾಜಿನ ಹಾಗೆ, ಹದಿನಾಲ್ಕನೇ ನಿಮಿಷದಲ್ಲಿ ಒಂದು ವಾಕ್ಯ ಉಸಿರೇ ಇಲ್ಲದೆ ಶುರುವಾಗುತ್ತದೆ, ಅಕ್ಕ ಹಾಗೆ ಶುರು ಮಾಡುವವಳಲ್ಲ, ಉದ್ದ ವಾಕ್ಯಕ್ಕೆ ಮುಂಚೆ ಮೂಗಿನಿಂದ ಸಣ್ಣದಾಗಿ ಎಳೆದುಕೊಳ್ಳುತ್ತಾಳೆ, ಇಪ್ಪತ್ತಾರರಲ್ಲೂ ಹಾಗೇ, ಮೂವತ್ತೆಂಟರಲ್ಲೂ ಹಾಗೇ, ಮೂರು ಕಡೆ. ಬೆಳ್ಳಗಿರುವುದೆಲ್ಲ ಹಾಲಲ್ಲ. ನಿನ್ನೆ ನೀರಿನ ಫಿಲ್ಟರಿನ ಹತ್ತಿರ ಎರಡನೇ ಕೋಣೆಯಾಕೆ ಸಿಕ್ಕಳು, ಹನ್ನೊಂದನೇದು ಬಹಳ ಶುದ್ಧ ಬಂದಿದೆಯಲ್ಲ, ಅಂದೆ. ಶುದ್ಧ ಬಂದ್ರೂ ತಪ್ಪಾ ಸರ್. ಚಿಟಿಕೆ ಒಂದೂ ಕಾಣಲಿಲ್ಲ. ಅಳಿಸಿದೀನಿ ಸರ್, ಅಳಿಸೋದೇ ಅಲ್ವಾ ನಮ್ಮ ಕೆಲಸ. ಅಳಿಸಿದ್ರೆ ಗೊತ್ತಾಗುತ್ತೆ, ಮೂಲ ಫೈಲ್ ಕೊಡಿ. ಹುಡುಕಿ ಕೊಡ್ತೀನಿ, ಅಂದವಳು ಲೋಟ ತುಂಬಿ ಹೊರಗೆ ಚೆಲ್ಲುವವರೆಗೂ ನಲ್ಲಿ ನಿಲ್ಲಿಸಲಿಲ್ಲ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಅಂದರೆ ಇದೇ. ಅಕ್ಕನಿಗೆ ಫೋನು ಮಾಡಿದೆ, ಹನ್ನೊಂದನೇದು ನೀನೇ ಓದಿದ್ದಾ. ಇಲ್ಲ ಕಣೋ, ನಿಮ್ಮ ಭಾವ ನನ್ನ ಕನ್ನಡಕ ಹಾಕ್ಕೊಂಡು ಬಂದು ಓದಿದ್ರು. ಪೂರ್ತಿ ನೀನೇನಾ ಅಂತ ಕೇಳಿದೆ. ಲೋ, ನಿನಗೆ ಮಾಡೋಕೆ ಬೇರೆ ಕೆಲಸ ಇಲ್ವೇನೋ. ಹೌದು ಅನ್ನಲಿಲ್ಲ, ಗಮನಿಸಿದೆ, ನಕ್ಕಳು, ಬೈದಳು, ಹೌದು ಅನ್ನಲಿಲ್ಲ.

ಹಾಗಾಗಿ ಹೇಳಿದೆ, ಯಜಮಾನರಿಗೆ ಹೇಳಿಬಿಟ್ಟೆ, ಹನ್ನೊಂದನೇದರಲ್ಲಿ ಯಂತ್ರ ತುಂಬಿದ ದನಿ ಇದೆ ಅಂತ, ಗ್ರಂಥಾಲಯದ ಒಪ್ಪಂದದ ಒಂಬತ್ತನೇ ಕಲಮು ಮೇಜಿನ ಮೇಲಿಟ್ಟು, ಯಂತ್ರದ ದನಿ ಒಂದು ಪದ ಸೇರಿದರೂ ಪುಸ್ತಕ ವಾಪಸು, ಓದಿದವರ ಹೆಸರು ಪಟ್ಟಿಯಿಂದ ಹೊರಗೆ. ಅವರು ಕೀಲಿಯಿಂದ ಕಿವಿ ಕೆರೆದುಕೊಂಡರು, ನಿಮ್ಮಕ್ಕನ ಮೇಲೇ ಕಂಪ್ಲೇಂಟಾ. ಅಕ್ಕನ ಮೇಲಲ್ಲ, ಫೈಲಿನ ಮೇಲೆ. ಆಯ್ತು, ನಾಳೆ ಮೂರು ಗಂಟೆಗೆ ಬರಲಿ, ಒಂದೆರಡು ಪುಟ ನಿಮ್ಮೆದುರೇ ಓದಲಿ, ಹೋಲಿಸಿ ನೋಡಿ, ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ. ಅವಳಿಗೆ ಅವರೇ ಫೋನು ಮಾಡಿದರು, ಬರ್ತೀನಿ ಅಂದಳಂತೆ, ಯಾಕೆ ಅಂತ ಕೇಳಲಿಲ್ಲವಂತೆ, ಅದೂ ಅನುಮಾನವೇ, ಯಾಕೆ ಅಂತ ಕೇಳದೆ ಅಂಗಡಿಗೂ ಹೋಗದವಳು ಅಕ್ಕ. ಅವಳ ಹೆಸರು ಪಟ್ಟಿಯಿಂದ ಹೋದರೆ ಅವಳಿಗೆ ಏನುಳಿಯುತ್ತದೆ ಅಂತ ಯೋಚಿಸಿಲ್ಲವೇ, ಯೋಚಿಸಿದ್ದೇನೆ, ಶಾಲೆಯಿಂದ ನಿವೃತ್ತಳಾದ ಮೇಲೆ ಇದೊಂದೇ ಅವಳ ಹೊರಗಿನ ಬಾಗಿಲು, ಗ್ರಂಥಾಲಯದವರು ಫೋನು ಮಾಡಿ ಅವಳ ದನಿ ಕೇಳಿ ಆ ಪುಸ್ತಕ ನೀವೇ ಅಲ್ವಾ ಅನ್ನುತ್ತಾರೆ, ಆ ಪುಸ್ತಕ ನೀವೇ, ಅವಳು ಅದನ್ನು ಭಾವನಿಗೆ ನಾಲ್ಕು ಸಲ ಹೇಳಿ ಅವರ ತಲೆ ತಿನ್ನುತ್ತಾಳೆ. ಆದರೆ ಕೆಳಗೆ ಸಹಿ ನನ್ನದು. ಸುಳ್ಳಿಗೆ ಸಹಿ ಹಾಕು ಅಂತ ಅಪ್ಪ ಕಲಿಸಲಿಲ್ಲ, ಅವಳಿಗೂ ಕಲಿಸಲಿಲ್ಲ.

ಎರಡು ಇಪ್ಪತ್ತು. ಎರಡನೇ ಕೋಣೆಯಾಕೆ ಊಟಕ್ಕೆ ಹೋದಳು, ಚಪ್ಪಲಿ ಸದ್ದು ಮೆಟ್ಟಿಲಿಳಿಯಿತು, ಹದಿನಾರು ಮೆಟ್ಟಿಲು, ನಂತರ ಗೇಟು. ಬೇರೆಯವರ ಕೋಣೆಗೆ ಹೋಗುವುದು ನನ್ನ ಪದ್ಧತಿಯಲ್ಲ, ಹೋದೆ. ಕುರ್ಚಿ ಇನ್ನೂ ಬೆಚ್ಚಗಿತ್ತು. ಹೆಡ್‌ಫೋನಿನ ಮೆತ್ತೆಯಲ್ಲಿ ಪೌಡರಿನ ವಾಸನೆ. ಹನ್ನೊಂದು ಅಂತ ಹುಡುಕಿದೆ, ಇಲ್ಲ, ದಿನಾಂಕದ ಮೇಲೆ ಹುಡುಕಿದೆ, ಸಿಕ್ಕಿತು, ಬೇಡದ್ದು ಅನ್ನುವ ಹೆಸರಿನ ಫೋಲ್ಡರಿನೊಳಗೆ, ಅಳಿಸಿಲ್ಲ, ಅಡಗಿಸಿಯೂ ಇಲ್ಲ, ಬೇಡದ್ದು ಅಂತ ಬರೆದು ಇಟ್ಟಿದ್ದಾಳೆ ಅಷ್ಟೇ, ಒಂದು ಗಂಟೆ ಮೂವತ್ತನಾಲ್ಕು ನಿಮಿಷ. ಐವತ್ತೆರಡು ನಿಮಿಷದ ಅಧ್ಯಾಯಕ್ಕೆ ಅಕ್ಕ ಎಂದೂ ಎಪ್ಪತ್ತು ದಾಟಿದವಳಲ್ಲ. ಗೆರೆ ನೋಡಿದೆ, ಉದ್ದಕ್ಕೂ ಎಳೆದು ನೋಡಿದೆ, ಮೊಳೆಯಿಲ್ಲ, ಒಂದೂ ಇಲ್ಲ, ಗುಡ್ಡ, ತಗ್ಗು, ಗುಡ್ಡ, ತಗ್ಗು. ಸರಿ, ಸಿಕ್ಕಿಬಿದ್ದರು, ಅಂದುಕೊಂಡೆ, ಹಾಗೆ ಅಂದುಕೊಂಡಾಗ ಸ್ವಲ್ಪ ಸಂತೋಷವೂ ಆಯಿತು, ಅದನ್ನೂ ಇದ್ದ ಹಾಗೇ ಹೇಳಬೇಕು. ನಂತರ ಕೇಳಿದೆ.

ಓದುತ್ತಿದ್ದಾಳೆ. ಅವಳೇ. ಉಸಿರು ಇದೆ, ಮೂಗಿನದು, ಪುಟ ತಿರುಗಿಸುವುದಿದೆ. ಒಂದು ಪದದ ಮೇಲೆ ಎಡವಿದಳು, ಕಮಾನು ಅನ್ನಲು ಹೋಗಿ ಮಕಾನು ಅಂದಳು, ನಿಂತಳು, ಆಮೇಲೆ ಸರ್ ಅಂತ ಏನೋ ಉಜ್ಜಿದ ಸದ್ದು, ಕಾಗದ ಇರಬೇಕು, ಮತ್ತೆ ಸರ್, ಮತ್ತೊಂದು, ಆಮೇಲೆ ಬಾಯಿಬಿಟ್ಟು ಸಣ್ಣಗೆ, ಮತ್ತೆ, ಅಂದು ವಾಕ್ಯ ಮೊದಲಿನಿಂದ ಓದಿದಳು. ಕಾಗದ ಅಷ್ಟು ಹತ್ತಿರ ಕೇಳುವುದಿಲ್ಲ. ದೊಡ್ಡದು ಮಾಡಿ ನೋಡಿದೆ, ಗೆರೆಯ ಮೇಲೆ ಒಂದಿಷ್ಟು ನವಿರು, ಕೂದಲು ನಿಂತ ಹಾಗೆ. ಇಪ್ಪತ್ತೊಂದನೇ ನಿಮಿಷದಲ್ಲಿ ಅದೇ, ಸರ್, ಸರ್. ಮೂವತ್ತಮೂರರಲ್ಲಿ. ಚರ್ಮದ ಮೇಲೆ ಚರ್ಮ. ನನ್ನ ಕೈ ಎತ್ತಿ ಹೆಬ್ಬೆರಳ ಮೇಲೆ ನಡುಬೆರಳಿಟ್ಟು ಒತ್ತದೆ ಜಾರಿಸಿದೆ, ಕಿವಿಯ ಹತ್ತಿರ, ಸರ್. ಬಲ ಹಾಕದೆ ಜಾರಿಸಿದರೆ ಅದೇ ಸದ್ದು. ಓಡಿಸಿ ಓಡಿಸಿ ಕೇಳಿ ಹದಿನೇಳು ಕಡೆ ಎಣಿಸಿದೆ. ಹದಿನೇಳು ತಪ್ಪು, ಹದಿನೇಳು ಸಲ ಎರಡು ಬೆರಳು ಒಂದರ ಮೇಲೊಂದು ಜಾರಿ, ಚಿಟಿಕೆಯಿಲ್ಲ.

ಐವತ್ತಾರರ ಹೊತ್ತಿಗೆ ಬೂತ್‌ನ ಬಾಗಿಲು ತೆರೆದ ಸದ್ದು, ಎರಡನೇ ಕೋಣೆಯಾಕೆ ತಂದ ನೀರಿನ ಲೋಟ ಮೇಜಿಗೆ ತಾಗಿದ್ದು, ಅಕ್ಕನ ದನಿ, ಓದುವ ದನಿಯಲ್ಲ, ಮನೆಯ ದನಿ, ಇವತ್ತೂ ಬರ್ತಿಲ್ಲ ನೋಡು. ಮೇಜು ತಟ್ಟಿ ಅಕ್ಕ, ಸಾಕು, ನಾನು ಪುಸ್ತಕ ಹಿಡ್ಕೊಂಡೇ ಕೂತಿರ್ತೀನಿ. ತಟ್ಟಿದ್ರೆ ಇದ್ದಕ್ಕಿದ್ದ ಹಾಗೆ ಯಾಕೆ ತಟ್ಟಿದೆ ಅಂತ ಕೇಳ್ತಾನೆ ಅವನು. ಡಾಕ್ಟ್ರು ಏನಂದ್ರು. ನರ ಅಂದ್ರು, ಕುತ್ತಿಗೆಯಿಂದ ಬಂದಿದ್ದೋ ತಲೆಯಿಂದ ಬಂದಿದ್ದೋ ಇನ್ನೂ ನೋಡ್ಬೇಕು ಅಂದ್ರು. ನಿಮ್ಮ ತಮ್ಮಂಗೆ ಹೇಳಿಬಿಡಿ ಅಕ್ಕ. ಹೇಳಬಹುದು ಕಣೆ, ಹೇಳಿದ್ರೆ ನಾಳೆಯಿಂದ ನನ್ನ ದನಿಯಲ್ಲೂ ಅದನ್ನೇ ಹುಡುಕ್ತಾನೆ, ಸಿಗೋವರೆಗೂ ಬಿಡಲ್ಲ, ಅವನ ಸ್ವಭಾವವೇ ಅದು, ಅಪ್ಪನ ಹಾಗೆ. ಲೋಟ ಎತ್ತಿದ್ದು, ಕುಡಿದದ್ದು. ಅದೇನೋ ಅಪ್‌ಡೇಟ್ ಬಂದ್ರೆ ಚಿಟಿಕೆನೇ ಬೇಡ ಅಂದ್ಯಲ್ಲ, ತಪ್ಪು ಅದೇ ಹುಡುಕುತ್ತೆ ಅಂತ, ಯಾವಾಗ ಬರುತ್ತೆ. ಅದನ್ನೂ ಅವರೇ ತಡೀತಿದಾರೆ ಅಕ್ಕ. ಇಬ್ಬರೂ ನಕ್ಕರು, ತುಂಬಾ ಹೊತ್ತು ನಕ್ಕರು, ಅಕ್ಕನ ನಗು ಗೆರೆಯನ್ನು ಮೇಲಂಚಿಗೆ ಮುಟ್ಟಿಸಿತು. ಪರೀಕ್ಷೆ ಪ್ರತೀಲಿ ಮಾಡೋಕಾಗಲ್ವಾ. ಅದ್ರಲ್ಲಿ ಮಾಡಿ ಹೊರಗೆ ಕಳಿಸೋ ಹಾಗಿಲ್ಲ ಅಕ್ಕ, ನಾನೇ ಕೈಯಲ್ಲಿ ಮಾಡ್ತೀನಿ ಬಿಡಿ. ಆಮೇಲೆ, ಅಯ್ಯೋ, ಮೈಕ್ ಆನ್ ಇದೆ. ಕತ್ತರಿಸಿಬಿಡೆ ಅದನ್ನ, ಮರೀಬೇಡ. ಹತ್ತು ವರ್ಷ ಮೈಕಿನ ಮುಂದೆ ಬದುಕಿದವಳು, ಹದಿನೆಂಟು ವರ್ಷ ಮೈಕಿನ ಮುಂದೆ ಓದಿದವಳು, ಇಬ್ಬರೂ ಮರೆತಿದ್ದರು, ನಮ್ಮ ಕಸುಬಿನವರೇ ಮಾಡುವ ತಪ್ಪು, ಮೈಕು ಎಷ್ಟು ಅಭ್ಯಾಸವಾಗುತ್ತದೆಂದರೆ ಗೋಡೆಯಾಗಿಬಿಡುತ್ತದೆ.

ಆದರೂ ಪರಿಶೀಲಿಸಿದೆ, ಆಮೇಲೂ ಪರಿಶೀಲಿಸಿದೆ, ಎಂಥವನು ನಾನು, ಆ ಮೂರು ಕಡೆ, ಹದಿನಾಲ್ಕು, ಇಪ್ಪತ್ತಾರು, ಮೂವತ್ತೆಂಟು, ಮೂಲದಲ್ಲಿ ಹುಡುಕಿ ಪಕ್ಕಪಕ್ಕ ಇಟ್ಟೆ, ಮೂರರಲ್ಲೂ ಉಸಿರು ಇತ್ತು, ಉಸಿರಿಗೆ ಬೆರಳ ಆ ಸರ್ ಸದ್ದು ಅಂಟಿಕೊಂಡಿತ್ತು, ಒಂದನ್ನು ಬಿಟ್ಟು ಒಂದನ್ನು ತೆಗೆಯಲು ಬಾರದೆ ಎರಡನೇ ಕೋಣೆಯಾಕೆ ಎರಡನ್ನೂ ತೆಗೆದಿದ್ದಾಳೆ. ತುಂಬಿದ ಪದ ಒಂದೂ ಇಲ್ಲ. ಪ್ರತಿ ಪದವೂ ಓದಿದವರ ಬಾಯಿಂದ ಬಂದದ್ದು. ಸಹಿ ಹಾಕಬಹುದಿತ್ತು. ಅಧ್ಯಾಯ ನನ್ನ ಕೈಗೆ ಬಂದ ಸೋಮವಾರವೇ ಹಾಕಬಹುದಿತ್ತು. ಮೂರು ವಾರದ ಹಿಂದೆ ಹತ್ತೊಂಬತ್ತನೇ ಅಂಶಕ್ಕೆ ನಾನು ಬರೆದ ಆಕ್ಷೇಪ ನೆನಪಿದೆ, ತಪ್ಪನ್ನು ಗುರುತಿಸಬೇಕಾದ್ದು ಓದುವವರ ಕೈ, ಯಂತ್ರವಲ್ಲ, ಕೈ ಅಂತ ಬರೆದಿದ್ದೆ, ಚೆನ್ನಾಗಿದೆ ಅನಿಸಿತ್ತು ಆ ವಾಕ್ಯ.

ಈಗ ಮೂರು ದಾಟಿ ಎಂಟು. ಅಕ್ಕ ಗಾಜಿನಾಚೆ ಕೂತಿದ್ದಾಳೆ, ಹೆಡ್‌ಫೋನ್ ಎಡಗೈಯಲ್ಲಿ ಹಾಕಿಕೊಂಡಳು, ಬಾಟಲಿಯ ಮುಚ್ಚಳ ಹಲ್ಲಿನಲ್ಲಿ ತೆಗೆದಳು, ಎಷ್ಟು ದಿನದಿಂದ ಹಲ್ಲಿನಲ್ಲಿ ತೆಗೆಯುತ್ತಿದ್ದಾಳೆ, ಕಂಡಿರಲಿಲ್ಲ, ನಾನು ನೋಡುವುದು ಪರದೆಯನ್ನು. ಯಜಮಾನರು ನನ್ನ ಬೆನ್ನ ಹಿಂದೆ, ಕೀಲಿ ಕೈಯಲ್ಲಿ, ಮುಗಿಸಿಬಿಡೋಣ ಸರ್. ಬೇಡ ಅನ್ನಬೇಕು, ಬೇಡ, ನನಗೆ ತೃಪ್ತಿಯಾಗಿದೆ, ಓದುವುದು ಬೇಡ ಅಂತ, ಅಂದರೆ ಯಾಕೆ ಅಂತ ಕೇಳುತ್ತಾಳೆ, ಯಾಕೆ ಎಂದರೆ ಕೇಳಿಸಿಕೊಂಡೆ ಅನ್ನಬೇಕು, ಕೇಳಿಸಿಕೊಂಡದ್ದೇ ಅವಳಿಗೆ ಬೇಡವಾದದ್ದು. ಶುರು ಮಾಡ್ಲೇನೋ, ಅಂದಳು, ಮೈಕಿನಲ್ಲಿ, ನಗುತ್ತ, ಪೊಲೀಸ್ನೋರು ರೆಡಿನಾ. ಎರಡನೇ ಕೋಣೆಯಾಕೆ ಬಾಗಿಲಲ್ಲಿ ನಿಂತಿದ್ದಾಳೆ, ಮುಖದಲ್ಲಿ ರಕ್ತವಿಲ್ಲ, ಫೋಲ್ಡರ್ ತೆರೆದದ್ದು ಗೊತ್ತಾಗಿದೆಯೋ ಇಲ್ಲವೋ. ಶುರು ಮಾಡು, ಅಂದೆ, ನಾನೇ ಅಂದೆ.

ಓದುತ್ತಿದ್ದಾಳೆ. ಹನ್ನೆರಡನೇ ಅಧ್ಯಾಯ, ಹೊಳೆಯ ತಳದಲ್ಲಿ ಬುನಾದಿ ತೋಡಿದವರು. ಚೆನ್ನಾಗಿ ಓದುತ್ತಿದ್ದಾಳೆ, ಮೂಗಿನ ಉಸಿರು, ವಾಕ್ಯ, ಉಸಿರು, ಗೆರೆ ಗುಡ್ಡ ಗುಡ್ಡವಾಗಿ ಹೋಗುತ್ತಿದೆ, ಯಜಮಾನರು ಇವರೇ ಅಲ್ವಾ ಸರ್, ಇನ್ನೇನು ಅನ್ನುತ್ತಿದ್ದಾರೆ, ಹೌದು ಇವರೇ — ಆ ಳ, ಹೊಳೆ ಅಂದಾಗಿನ ಳ, ಅಷ್ಟು ಮೆತ್ತಗಿತ್ತೇ ಮೊದಲು, ಒಂದನೇ ಅಧ್ಯಾಯದಲ್ಲಿ ಹೊಳೆ ಬಂದಿದೆಯೇ, ಬಂದಿದೆ, ಎರಡನೇ ಪುಟ, ಅಲ್ಲಿ ನಾಲಿಗೆ ಮಡಿಚಿ ಬಿಟ್ಟಿದ್ದು ಕೇಳುತ್ತದೆ, ಇಲ್ಲಿ ನಾಲಿಗೆ ತಡವಾಗಿ ಬಂತು, ಒಂದು ಕೂದಲಿನಷ್ಟು, ಅಥವಾ ಬರಲಿಲ್ಲ, ಅಥವಾ ನನ್ನ ಕಿವಿ, ಸಾಕು, ಹುಡುಕಬೇಡ, ಹಾಗೆ ಹುಡುಕುತ್ತಾನೆ ಅಂತಲೇ ಅವಳು, ಆಳ ಅಂದಳು, ಅದೂ ಮೆತ್ತಗೆ, ಕೆಳಗೆ, ಅದು ಸರಿಯಿತ್ತು, ತಲೆಯಿಂದ ಬಂದಿದ್ದೋ ಕುತ್ತಿಗೆಯಿಂದ ಬಂದಿದ್ದೋ, ಕುತ್ತಿಗೆಯಿಂದ ಇರಲಿ, ಕುತ್ತಿಗೆಯಿಂದ ಬಂದಿದ್ದರೆ ದನಿಗೆ ಬರುವುದಿಲ್ಲ, ಬರುತ್ತದೆಯೇ, ಯಾರನ್ನು ಕೇಳಲಿ, ಯಾವ ಪಟ್ಟಿಯ ಎಷ್ಟನೇ ಅಂಶ. ಬರುತ್ತಿದೆ, ತಪ್ಪು ಬರುತ್ತಿದೆ, ನನಗೆ ಗೊತ್ತು, ಅವಳ ದನಿ ಅನುಮಾನಿಸಿತು, ಬಂತು, ನೀರಿನೊಳಗಿನ ಅನ್ನಬೇಕಾದಲ್ಲಿ ನೀರಿನಗೊಳಿ ಅಂದಳು, ನಿಂತಳು. ಬಲಗೈ ಮೇಲೆ ಬಂತು. ಮೈಕಿನ ಹತ್ತಿರ. ಬಂದದ್ದು ಅಭ್ಯಾಸದಿಂದ, ಬಂದ ಮೇಲೆ ಅವಳಿಗೆ ಗೊತ್ತಾಯಿತು, ಇಳಿಸಲಾಗಲಿಲ್ಲ, ಎಲ್ಲರೂ ನೋಡುತ್ತಿದ್ದಾರೆ. ಮಾತಾಡುವ ಗುಂಡಿಯ ಮೇಲೆ ನನ್ನ ಬೆರಳಿದೆ, ಒತ್ತಿದರೆ ನನ್ನ ದನಿ ಅವಳ ಕಿವಿಗೆ ಹೋಗುತ್ತದೆ, ಯಾವ ಮಾತು. ಅವಳು ಪುಸ್ತಕ ನೋಡುತ್ತಿಲ್ಲ, ಕೈ ನೋಡುತ್ತಿಲ್ಲ, ಗಾಜಿನಾಚೆಯಿಂದ ನನ್ನ ಕಿವಿ ನೋಡುತ್ತಿದ್ದಾಳೆ. ಹೆಬ್ಬೆರಳ ಮೇಲೆ ನಡುಬೆರಳು. ಜಾರಿತು. ಗೆರೆ ಏಳಲಿಲ್ಲ. ಮತ್ತೆ ಕೂಡಿಸಿದಳು, ಹೆಬ್ಬೆರಳು, ನಡುಬೆರಳು, ಜಾರಿತು, ಮತ್ತೆ, ಹೆಬ್ಬೆರಳ ಮೇಲೆ ನಡುಬೆರಳು —